ಒಂಬತ್ತು ಕಿಲೋಮೀಟರಿಗೆ ಮೂವತ್ತು ನಿಮಿಷ

ಸೈಕಲ್ ಜೋರಾಗಿ ಹೊಡೆಯುವುದು ಹೇಗೆ ಎಂದು ಕನ್ನಡ ಶಾಲೆಯ ಮಾಸ್ತರರು ಬರೆಯಲು ಕೂತರೆ ಓದುವವರಿಗೆ ನಗು ಬಂದೀತು. ಸಂಧಿ-ಸಮಾಸ ಎಲ್ಲ ಮುಗಿದವೇನು ಎಂದು ಕೇಳೀರಿ. ಮುಗಿದಿಲ್ಲ. ಆದರೆ ನಮ್ಮ ಊರಿನ ಮಕ್ಕಳಿಗೆ ಸಂಧಿ-ಸಮಾಸ ಮುಂದೆ ಸಾಗಬೇಕಾದರೆ ಮೊದಲು ಸೈಕಲ್ ಸಾಗಬೇಕು. ಅದು ಹೇಗೆ ಅಂತ ಹೇಳುತ್ತೇವೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಒಂದು ಹಳ್ಳಿ. ಕಚೇರಿ ಕಾಗದ ಮರಾಠಿ, ಮನೆಮಾತು ಕನ್ನಡ, ಸಂತೆಯಲ್ಲಿ ಎರಡೂ. ಇಲ್ಲಿಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟನೆಯ ತರಗತಿಯನ್ನೂ ಕನ್ನಡದಲ್ಲೇ ಓದಬೇಕೆಂದರೆ 9 ಕಿಲೋಮೀಟರ್ ಪಶ್ಚಿಮಕ್ಕಿರುವ ದೊಡ್ಡ ಊರಿನ ಪ್ರೌಢಶಾಲೆಗೆ ಹೋಗಬೇಕು. ಬೆಳಗಿನ ಬಸ್ಸು ಶಾಲೆ ತೆರೆಯುವ ಎರಡು ತಾಸು ಮೊದಲೇ ಹೋಗಿರುತ್ತದೆ, ಸಂಜೆಯ ಬಸ್ಸು ಕತ್ತಲಾದ ಮೇಲೆ ಬರುತ್ತದೆ. ಉಳಿದದ್ದು ಸೈಕಲ್.

ಎರಡು ವರ್ಷದ ಹಿಂದೆ ನಮ್ಮಲ್ಲಿ ಏಳನೆಯ ತರಗತಿ ಮುಗಿಸಿದವರು ಏಳು ಮಕ್ಕಳು, ಅದರಲ್ಲಿ ನಾಲ್ವರು ಹುಡುಗಿಯರು. ದಾಖಲಾತಿಗೆ ಮನೆಮನೆಗೆ ಹೋದಾಗ ಒಬ್ಬ ಹುಡುಗಿಯ ಅಪ್ಪ ಹೇಳಿದ ಮಾತು ಇದು: "ಹುಡುಗಿ ಶ್ಯಾಣೇಕಿ ಅದಾಳ್ರಿ ಸರ, ನಮಗೂ ಗೊತ್ತೈತಿ. ಆದರ ದೀಪಾ ಹಚ್ಚೂದ್ರೊಳಗ ಮನೀಗೆ ಬರಬೇಕು. ಇಲ್ಲಾಂದ್ರ ಸಾಲಿ ಬ್ಯಾಡ್ರಿ." ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಪ್ರೌಢಶಾಲೆ ಬಿಟ್ಟು ಮಕ್ಕಳು ಗೇಟಿನ ಹೊರಗೆ ಸೈಕಲ್ ಹತ್ತುವಾಗ 5 ಗಂಟೆ 20 ನಿಮಿಷ. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಹೆಚ್ಚುಕಡಿಮೆ 6 ಗಂಟೆಗೆ. ಮಕ್ಕಳಿಗೆ ದಾರಿಗೆ ಬೇಕಾಗುತ್ತಿದ್ದದ್ದು 40 ನಿಮಿಷ. ಅಂದರೆ ಹುಡುಗಿ ಊರ ಅಗಸಿಗೆ ಬರುವ ಹೊತ್ತಿಗೆ ಸರಿಯಾಗಿ ದೀಪ ಹಚ್ಚಿರುತ್ತಾರೆ. ಅದೇ ದಾರಿಯನ್ನು 30 ನಿಮಿಷದಲ್ಲಿ ಮುಗಿಸಿದರೆ ಇನ್ನೂ ಬೆಳಕಿರುತ್ತದೆ. ಒಂದು ಹುಡುಗಿ ಶಾಲೆಗೆ ಹೋಗುವುದೋ ಬಿಡುವುದೋ ಎಂಬುದು ಆ ಹತ್ತು ನಿಮಿಷದ ಮೇಲೆ ನಿಂತಿತ್ತು.

ಹತ್ತು ನಿಮಿಷ ಎಲ್ಲಿಂದ ತರುವುದು? ಮೊದಲು ಲೆಕ್ಕ ಮಾಡಿದೆವು. ಹುಡುಗಿಯರ ಒಂದು ಸೈಕಲ್ಲನ್ನು ಶಾಲೆಯ ಕಟ್ಟೆಯ ಮುಂದೆ ನಿಲ್ಲಿಸಿ, ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಗುರುತು ನೆಲಕ್ಕೆ ತಾಗಿದಲ್ಲಿಂದ ಮತ್ತೆ ತಾಗುವ ತನಕ ಉರುಳಿಸಿದೆವು. ಟೇಪು ಹಿಡಿದರೆ 2 ಮೀಟರ್ 8 ಸೆಂಟಿಮೀಟರ್. ಮುಂದಿನ ಚಕ್ರದ ಹಲ್ಲು ಎಣಿಸಿದರೆ 44, ಹಿಂದಿನ ಫ್ರೀವೀಲಿನವು 18. 44ನ್ನು 18ರಿಂದ ಭಾಗಿಸಿದರೆ 2.44. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡೂವರೆ ಸುತ್ತಿಗೆ ಚೂರು ಕಡಿಮೆ ತಿರುಗುತ್ತದೆ. ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ಒಂದು ಪೆಡಲಿಗೆ ಸೈಕಲ್ 5 ಮೀಟರಿಗೆ ತುಸು ಹೆಚ್ಚು ಮುಂದೆ ಹೋಗುತ್ತದೆ.

ಈಗ ಗಡಿಯಾರ ಹಿಡಿದು ಮಕ್ಕಳ ಪೆಡಲ್ ಎಣಿಸಿದೆವು. ನಿಮಿಷಕ್ಕೆ 45. ಲೆಕ್ಕ ಹಾಕಿದರೆ ತಾಸಿಗೆ 13.7 ಕಿಲೋಮೀಟರ್, 9 ಕಿಲೋಮೀಟರಿಗೆ 39 ನಿಮಿಷ. ಮಕ್ಕಳು ಹೇಳಿದ 40 ನಿಮಿಷಕ್ಕೆ ಸರಿಯಾಗಿ ಕೂತಿತು. ನಿಮಿಷಕ್ಕೆ 60 ಹೊಡೆದರೆ? ತಾಸಿಗೆ 18.3 ಕಿಲೋಮೀಟರ್, ಅಂದರೆ ಮುಕ್ಕಾಲು ಪಾಲು ಸಮಯ, 30 ನಿಮಿಷದೊಳಗೆ ಮನೆ. ಅರವತ್ತು ಎಂದರೆ ಸೆಕೆಂಡಿಗೆ ಒಂದು. ಎದೆ ಬಡಿದುಕೊಳ್ಳುವ ಲಯದ ಹತ್ತಿರದ ಲಯ. ಸ್ಪರ್ಧೆಯ ಸೈಕಲ್ ಪಟುಗಳು ನಿಮಿಷಕ್ಕೆ 80ರಿಂದ 100 ಸುತ್ತು ಹೊಡೆಯುತ್ತಾರೆ. ನಮಗೆ ಅಷ್ಟು ಬೇಡ. ಸೆಕೆಂಡಿಗೆ ಒಂದು ಸಾಕು. "ಒಂದು ಎರಡು ಮೂರು" ಎಂದು ಬಾಯಲ್ಲಿ ಎಣಿಸುತ್ತ ಹೊಡೆಯಿರಿ ಎಂದೆವು. ಮಗ್ಗಿ ಬಾರದಿದ್ದ ಹುಡುಗನೊಬ್ಬ ಎರಡರ ಮಗ್ಗಿ ಹೇಳುತ್ತ ಹೊಡೆಯತೊಡಗಿದ, ಅದು ನಮಗೆ ಉಡುಗೊರೆ.

ಆದರೆ ಎಣಿಸಿದ ಮಾತ್ರಕ್ಕೆ ಪೆಡಲ್ ತಿರುಗುವುದಿಲ್ಲ. 45ಕ್ಕೇ ಯಾಕೆ ನಿಲ್ಲುತ್ತಿತ್ತು ಎಂದು ಒಂದೊಂದೇ ಸೈಕಲ್ ನೋಡುತ್ತ ಹೋದೆವು.

ನಮ್ಮ ಮಕ್ಕಳ ಸೈಕಲ್‌ಗಳ ಚರಿತ್ರೆ ಬೇರೆಯೇ. ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಅದು ಆ ರಾಜ್ಯದ ಶಾಲೆಗಳಿಗೆ. ಆದರೆ ನಮ್ಮ ಊರಿನ ಬೀಗರು ಅರ್ಧದಷ್ಟು ಗಡಿಯಾಚೆಯವರೇ. ಅಲ್ಲಿ ಮಾವನ ಮಗ ಹತ್ತನೆಯ ತರಗತಿ ಮುಗಿಸಿದ ಮೇಲೆ ಅವನ ಸೈಕಲ್ ಟೆಂಪೋದ ಮೇಲೇರಿ ಗಡಿ ದಾಟಿ ನಮ್ಮಲ್ಲಿ ಎರಡನೆಯ ಜನ್ಮ ಪಡೆಯುತ್ತದೆ. ಮೂರನೆಯ ಜನ್ಮದಲ್ಲಿರುವವೂ ಇವೆ. ಬಂದ ದಿನ ಸೀಟು ಎಲ್ಲಿತ್ತೋ ಅಲ್ಲೇ ಇರುತ್ತದೆ, ಚೈನು ಹೇಗಿತ್ತೋ ಹಾಗೇ ಇರುತ್ತದೆ.

ಸೀಟಿನಿಂದ ಶುರು ಮಾಡಿದೆವು. ಬೀಳುವ ಹೆದರಿಕೆಗೆ ಮಕ್ಕಳು ಎರಡೂ ಪಾದ ನೆಲಕ್ಕೆ ಊರುವ ಹಾಗೆ ಸೀಟು ಇಳಿಸಿಕೊಳ್ಳುತ್ತಾರೆ. ಆಗ ಪೆಡಲ್ ಮೇಲೆ ಬಂದಾಗ ಮೊಣಕಾಲು ಹೊಟ್ಟೆಯ ತನಕ ಮಡಚಿ, ಕೆಳಗೆ ಹೋದಾಗಲೂ ಕಾಲು ಪೂರ್ತಿ ಬಿಚ್ಚುವುದಿಲ್ಲ. ಶಕ್ತಿಯೂ ಹಾಳು, ಮೊಣಕಾಲು ನೋವು ಬೇರೆ. ಅಳತೆ ಸುಲಭ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಬೇಕು. ಕಾಲು ನೇರವಾದರೆ ಸೀಟು ಸರಿ. ತುಳಿಯುವಾಗ ಮಾತ್ರ ಹಿಮ್ಮಡಿಯಿಂದಲ್ಲ, ಬೆರಳುಗಳ ಹಿಂದಿನ ದಪ್ಪ ಭಾಗದಿಂದ ತುಳಿಯಬೇಕು. ಆಗ ಮೊಣಕಾಲಿನಲ್ಲಿ ತುಸುವೇ ಬಾಗು ಉಳಿಯುತ್ತದೆ, ಅದೇ ಬೇಕಾದದ್ದು. ಸೊಂಟ ಅತ್ತಿತ್ತ ಜಾರಿದರೆ ಸೀಟು ಹೆಚ್ಚಾಯಿತು ಎಂದರ್ಥ. ಒಂದೇ ಸಲಕ್ಕೆ ಏರಿಸಬಾರದು. ವಾರಕ್ಕೆ ಒಂದು ಬೆರಳಿನಷ್ಟು ಏರಿಸಿದರೆ ಹೆದರಿಕೆಯೂ ಹೋಗುತ್ತದೆ.

ಎರಡನೆಯದು ಹವಾ. ನಮ್ಮ ಊರಿನ ಸೈಕಲ್ ಅಂಗಡಿಯ ಕಾಕಾ ಹೇಳುವ ಹಾಗೆ ಮೆತ್ತಗಿನ ಟೈರು ಎಂದರೆ ಮರಳಿನಲ್ಲಿ ನಡೆದ ಹಾಗೆ. ಗಾಲಿಯ ಪ್ರತಿ ಸುತ್ತಿಗೂ ಟೈರು ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಎದ್ದು ನಿಲ್ಲಬೇಕು, ಆ ಕೆಲಸಕ್ಕೆ ಖರ್ಚಾಗುವುದು ಹೊಡೆಯುವವರ ಶಕ್ತಿ. ಎಷ್ಟು ಒತ್ತಡ ಬೇಕೆಂದು ಟೈರಿನ ಬದಿಯಲ್ಲೇ ಅಚ್ಚು ಹಾಕಿರುತ್ತಾರೆ. ಮೀಟರ್ ಇಲ್ಲದವರು ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಗಟ್ಟಿ ಲಿಂಬೆಹಣ್ಣಿನಂತಿರಬೇಕು. ನಾವು ಶಾಲೆಗೆ ಒಂದು ಪಂಪು ತಂದು ಸೋಮವಾರ ಮತ್ತು ಗುರುವಾರ ಹವಾ ಹಾಕುವ ದಿನ ಎಂದು ಫಲಕದಲ್ಲಿ ಬರೆದೆವು.

ಮೂರನೆಯದು ಚೈನು. ನಮ್ಮ ಕೆಂಪು ಧೂಳಿಗೆ ಚೈನು ಒಣಗಿ ಕಿರ್ ಕಿರ್ ಅನ್ನುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಕರಿ ಎಣ್ಣೆ ಸುರಿದರೆ ಕಿರ್ ಶಬ್ದ ಹೋಗಬಹುದು, ಆದರೆ ಅದು ಧೂಳನ್ನು ಇನ್ನಷ್ಟು ಹಿಡಿದು ಚೈನು, ಹಲ್ಲು ಎರಡನ್ನೂ ತಿನ್ನುತ್ತದೆ. ಬಟ್ಟೆಯಿಂದ ಚೈನು ಒರಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಪೆಡಲ್ ತಿರುವಿ, ಹೊರಗೆ ಉಳಿದದ್ದನ್ನು ಮತ್ತೆ ಒರಸಬೇಕು. ಆಮೇಲೆ ಗಾಲಿ ಎತ್ತಿ ತಿರುವಿ ನೋಡಬೇಕು. ಬ್ರೇಕಿನ ರಬ್ಬರ್ ರಿಮ್ಮಿಗೆ ತಾಗಿ ಗಾಲಿ ಬೇಗ ನಿಂತರೆ, ಆ ಹುಡುಗಿ ದಿನಾಲು ಬ್ರೇಕ್ ಹಿಡಿದುಕೊಂಡೇ 18 ಕಿಲೋಮೀಟರ್ ಹೊಡೆಯುತ್ತಿದ್ದಾಳೆ ಎಂದು ತಿಳಿಯಬೇಕು. ನಾವು ನೋಡಿದ ಏಳು ಸೈಕಲ್‌ಗಳಲ್ಲಿ ಮೂರು ಹೀಗಿದ್ದವು. ಪುಸ್ತಕದ ಚೀಲ ಹ್ಯಾಂಡಲಿಗೆ ತೂಗಿದರೆ ಸೈಕಲ್ ಓಲಾಡುತ್ತದೆ. ಹಳೆಯ ಟ್ಯೂಬಿನ ಪಟ್ಟಿಯಿಂದ ಹಿಂದಿನ ಕ್ಯಾರಿಯರಿಗೆ ಬಿಗಿಯಬೇಕು.

ಇಷ್ಟಕ್ಕೇ 40 ನಿಮಿಷ 36ಕ್ಕೆ ಇಳಿಯಿತು. ಒಬ್ಬರ ಕಾಲಿನ ಬಲವೂ ಹೆಚ್ಚಾಗಿರಲಿಲ್ಲ.

ಇನ್ನು ನಿಜವಾದ ಎದುರಾಳಿ. ಸಪಾಟು ರಸ್ತೆಯಲ್ಲಿ ವೇಗ ಏರಿದಷ್ಟೂ ಎದುರು ನಿಲ್ಲುವುದು ಗಾಳಿ. ಅದರ ಲೆಕ್ಕ ನೇರವಲ್ಲ, ವರ್ಗದ್ದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. 15 ಕಿಲೋಮೀಟರ್ ವೇಗವನ್ನು 18ಕ್ಕೆ ಏರಿಸಿದರೆ ತಡೆ ಸುಮಾರು ಒಂದೂವರೆ ಪಟ್ಟು. ಇದು ಗಾಳಿ ಬೀಸದ ದಿನದ ಮಾತು. ಜೂನ್-ಜುಲೈ ತಿಂಗಳಲ್ಲಿ ಪಡುವಣ ಗಾಳಿ ಬೀಸುವಾಗ ನಮ್ಮ ಮಕ್ಕಳು ಬೆಳಿಗ್ಗೆ ಅದಕ್ಕೆ ಎದುರಾಗಿ ಹೋಗಬೇಕು. ಸೈಕಲ್ಲಿನ ವೇಗ 15, ಎದುರು ಗಾಳಿಯ ವೇಗ 15 ಎಂದರೆ ಮೈಗೆ ತಾಗುವ ಗಾಳಿ 30. ತಡೆ ನಾಲ್ಕು ಪಟ್ಟಾಯಿತು! ಚಳಿಗಾಲಕ್ಕೆ ಗಾಳಿ ಮೂಡಲಿಗೆ ತಿರುಗಿ ಸಂಜೆ ಮನೆಗೆ ಬರುವಾಗ ಎದುರಾಗುತ್ತದೆ, ಅದೂ ಬೇಗ ಕತ್ತಲಾಗುವ ತಿಂಗಳುಗಳಲ್ಲಿ. ಗಾಳಿ ಬಂದಾಗ ತೂರಿಕೋ ಅಂತಾರೆ ಹಿರಿಯರು. ಸೈಕಲ್ಲಿನವರಿಗೆ ಗಾಳಿ ಬಂದಾಗ ಬಾಗಿಕೊಳ್ಳುವುದೊಂದೇ ದಾರಿ.

ಬಾಗುವುದರಲ್ಲಿ ಎಷ್ಟು ಲಾಭ ಇದೆ ಎಂಬುದಕ್ಕೆ ಮಕ್ಕಳಿಗೆ ಒಂದು ಕಥೆ ಹೇಳಿದೆವು, ಕಥೆಯಲ್ಲ, ನಡೆದದ್ದು. ಒಂದು ತಾಸಿನಲ್ಲಿ ಒಬ್ಬ ಸೈಕಲ್ಲಿನ ಮೇಲೆ ಎಷ್ಟು ದೂರ ಹೋಗಬಲ್ಲ ಎಂಬ ಒಂದು ದಾಖಲೆ ಇದೆ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಆಂರಿ ದೆಗ್ರಾಂಜ್ ಎಂಬಾತ 35.325 ಕಿಲೋಮೀಟರ್ ಹೋದ. ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1993ರ ಜುಲೈ 17ರಂದು, ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ನಾರ್ವೆ ದೇಶದ ಹಾಮಾರ್ ಎಂಬಲ್ಲಿ 51.596 ಕಿಲೋಮೀಟರ್ ಹೋಗಿ ದಾಖಲೆ ಮುರಿದ. ಆತನ ಸೈಕಲ್ ಆತನೇ ಕಟ್ಟಿದ್ದು. ಅದರಲ್ಲಿ ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಇತ್ತು! ಕೈಗಳನ್ನು ಎದೆಯ ಕೆಳಗೆ ಮಡಚಿಟ್ಟು, ಮೈಯನ್ನು ಮುಂದಕ್ಕೆ ಚಾಚಿ ಗಾಳಿಗೆ ಆದಷ್ಟು ಸಣ್ಣದಾಗಿ ಕಾಣುವಂತೆ ಕೂರುವುದು ಆತ ಕಂಡುಕೊಂಡ ಉಪಾಯ. ಹಿಂದಿನ ದಿನ ಮಾಡಿದ ಯತ್ನ ಸೋತಿತ್ತು. ಮರುದಿನ ಬೆಳಿಗ್ಗೆ ತನ್ನ ಹಳೆಯ ಸೈಕಲ್ ಹತ್ತಿ ಗೆದ್ದ. ಆ ಭಂಗಿಯನ್ನು ಮುಂದಿನ ವರ್ಷ ನಿಷೇಧಿಸಿದರು ಎಂಬುದು ಬೇರೆ ಮಾತು.

ಹುಡುಗಿಯರು ಸುಮ್ಮನಿರುತ್ತಾರೆಯೇ? "ಹೆಣ್ಣಮಕ್ಕಳ ದಾಖಲೆ ಎಷ್ಟೈತ್ರಿ ಸರ?" ಎಂದರು. 2023ರ ಅಕ್ಟೋಬರಿನಲ್ಲಿ ಇಟಲಿಯ ವಿತ್ತೋರಿಯಾ ಬುಸ್ಸಿ ಮೆಕ್ಸಿಕೋ ದೇಶದಲ್ಲಿ 50.267 ಕಿಲೋಮೀಟರ್ ಹೋಗಿ, ತಾಸಿಗೆ 50 ದಾಟಿದ ಮೊದಲ ಮಹಿಳೆ ಎನಿಸಿದರು. ಅವರು ಆಕ್ಸ್‌ಫರ್ಡಿನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು ಎಂದು ಹೇಳಿದಾಗ ಗಣಿತದ ತಾಸಿನಲ್ಲಿ ತೂಕಡಿಸುವ ಹುಡುಗಿಯೂ ತಲೆ ಎತ್ತಿ ನೋಡಿದಳು.

ನಮ್ಮ ಮಕ್ಕಳು ಕೈ ಮಡಚಿ ಎದೆಯ ಕೆಳಗಿಡಬೇಕಿಲ್ಲ, ಇಡಲೂಬಾರದು. ಬ್ರೇಕಿನ ಮೇಲೆ ಕೈಯಿಟ್ಟೇ ಮೊಣಕೈ ತುಸು ಮಡಚಿ, ಬೆನ್ನು ಬಾಗಿಸಿ, ಓಢಣಿಯನ್ನು ಹಿಂದೆ ಗಂಟು ಹಾಕಿಕೊಂಡರೆ ಸಾಕು. ಗಾಳಿಗೆ ಪಟಪಟ ಹಾರುವ ಓಢಣಿ ವೇಗವನ್ನೂ ಕದಿಯುತ್ತದೆ, ಗಾಲಿಗೆ ಸಿಕ್ಕರೆ ಜೀವಕ್ಕೂ ಸಂಚಕಾರ.

ಆದರೆ ಗಾಳಿಯ ವಿರುದ್ಧ ಎಲ್ಲಕ್ಕಿಂತ ದೊಡ್ಡ ಉಪಾಯ ಬಾಗುವುದಲ್ಲ, ಜೊತೆ. ಒಂದು ಸೈಕಲ್ಲಿನ ಹಿಂದೆ ಇನ್ನೊಂದು ಹೋದರೆ ಹಿಂದಿನವರಿಗೆ ಗಾಳಿಯ ತಡೆ ಬಹಳ ಕಡಿಮೆ. ಸ್ಪರ್ಧೆಗಳಲ್ಲಿ ಗಾಲಿಗೆ ಗಾಲಿ ಹತ್ತಿರ ಇಟ್ಟು ಹೋಗುವವರಿಗೆ ಶಕ್ತಿಯ ಉಳಿತಾಯ ಕಾಲು ಭಾಗಕ್ಕಿಂತ ಹೆಚ್ಚಾಗುವುದುಂಟು. ಗಡಿಯಾಚೆಯ ವಿಜಯಪುರ (ನಮ್ಮ ಬಾಯಲ್ಲಿ ಇನ್ನೂ ವಿಜಾಪುರ) ಮತ್ತು ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಹಳ ವರ್ಷಗಳಿಂದ ಬರುತ್ತಿದ್ದಾರೆ. ರಸ್ತೆಯಲ್ಲಿ ಅವರ ತಂಡ ಅಭ್ಯಾಸಕ್ಕೆ ಹೋಗುವುದನ್ನು ನೋಡಿದವರಿಗೆ ಇದು ಗೊತ್ತು: ಸಾಲಾಗಿ ಹೋಗುತ್ತಾರೆ, ಮುಂದಿನವನು ಸ್ವಲ್ಪ ಹೊತ್ತು ಗಾಳಿ ತಿಂದು ಪಕ್ಕಕ್ಕೆ ಸರಿದು ಹಿಂದೆ ಸೇರುತ್ತಾನೆ, ಎರಡನೆಯವನು ಮುಂದಾಗುತ್ತಾನೆ.

ನಮ್ಮ ಮಕ್ಕಳು ಹೋಗುತ್ತಿದ್ದದ್ದು ರಸ್ತೆಯ ತುಂಬ ಹರಡಿ, ಮಾತಾಡುತ್ತ. ಜೋರಿನ ಹುಡುಗರು ಮುಂದೆ ಹೋಗಿಬಿಡುತ್ತಿದ್ದರು, ಹುಡುಗಿಯರು ಹಿಂದೆ ಉಳಿದು ಒಬ್ಬೊಬ್ಬರೇ ಗಾಳಿಗೆ ಎದೆ ಕೊಡುತ್ತಿದ್ದರು. ನಾವು ಒಂದು ಸಾಲು ಮಾಡಿದೆವು. ರಸ್ತೆಯ ಎಡಕ್ಕೆ, ಒಬ್ಬರ ಹಿಂದೆ ಒಬ್ಬರು. ನಮ್ಮ ಬ್ರೇಕುಗಳನ್ನು ನಂಬುವಂತಿಲ್ಲವಾದ್ದರಿಂದ ಗಾಲಿಗೆ ಗಾಲಿ ಅಂಟಿಸದೆ ನಡುವೆ ಒಂದು ಸೈಕಲ್ಲಿನಷ್ಟು ಜಾಗ. ಅಷ್ಟು ಬಿಟ್ಟರೂ ಎದುರು ಗಾಳಿಯಲ್ಲಿ ಲಾಭ ಗೊತ್ತಾಗುತ್ತದೆ. ಮುಂದಿನವರು ನೂರು ಪೆಡಲ್ ಎಣಿಸಿ, ಹಿಂದೆ ವಾಹನ ಇಲ್ಲವೆಂದು ನೋಡಿ, ಕೈ ತೋರಿಸಿ ವೇಗ ತಗ್ಗಿಸಿ ಹಿಂದೆ ಸೇರಬೇಕು. ಎಲ್ಲರಿಗಿಂತ ಸಣ್ಣ ಹುಡುಗಿಗೆ ನೂರರ ಬದಲು ಮೂವತ್ತು. ತಗ್ಗು ಕಂಡರೆ ಮುಂದಿನವರು ಕೂಗಬೇಕು, ಹಿಂದಿನವರು ಆ ಕೂಗನ್ನು ದಾಟಿಸಬೇಕು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಹೋಗುವುದು, ಟ್ರಾಲಿ ಹಿಡಿದು ಜೋತುಬೀಳುವುದು ಪೂರ್ತಿ ಬಂದ್. ಅದರಿಂದ ಉಳಿಯುವ ಐದು ನಿಮಿಷಕ್ಕೆ ಯಾವ ಬೆಲೆ ತೆರಬೇಕಾದೀತು ಎಂದು ನಮ್ಮ ಕಡೆಯ ಯಾವ ಊರಿನಲ್ಲಿ ಕೇಳಿದರೂ ಹೇಳುತ್ತಾರೆ.

ಈ ಸಾಲಿನಿಂದ ಇನ್ನೊಂದು ಲಾಭವೂ ಆಯಿತು. ಹುಡುಗಿ ಒಬ್ಬಳೇ ಬರುತ್ತಾಳೆ ಎಂಬ ತಾಯಂದಿರ ಹೆದರಿಕೆ ಹೋಯಿತು. ಸಾಲು ಬರುವುದು ಕಟ್ಟೆಯ ಮೇಲೆ ಕೂತವರಿಗೆ ದೂರದಿಂದಲೇ ಕಾಣುತ್ತದೆ.

ಅಭ್ಯಾಸವನ್ನೂ ಹೇಳಬೇಕು. ದಿನಾಲು ಒಂದೇ ವೇಗದಲ್ಲಿ ಹೋದರೆ ಮೈ ಆ ವೇಗಕ್ಕೇ ಒಗ್ಗಿ ನಿಲ್ಲುತ್ತದೆ. ವಾರದಲ್ಲಿ ಎರಡು ದಿನ, ವಾಹನವಿಲ್ಲದ ಹಾದಿಯಲ್ಲಿ, ಎರಡು ನಿಮಿಷ ಏದುಸಿರು ಬರುವಷ್ಟು ಜೋರು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ಮರುದಿನ ಆರಾಮ ಹೊಡೆಯಬೇಕು, ಏಕೆಂದರೆ ಮೈ ಬಲಿಯುವುದು ದಣಿದಾಗಲ್ಲ, ದಣಿವು ಆರಿಸಿಕೊಳ್ಳುವಾಗ. ಏರು ಬಂದಾಗ ಮೊದಲೇ ಉಸಿರು ಕಳೆದುಕೊಳ್ಳದೆ ಲಯ ಹಿಡಿದು ಹತ್ತಬೇಕು.

ಊಟದ ವಿಷಯದಲ್ಲಿ ಯಾವ ಡಬ್ಬಿಯ ಪುಡಿಯೂ ಬೇಡ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಲೆ, ಬೆಲ್ಲ ಇವೇ ಸಾಕು. ಆದರೆ ಬೆಳಿಗ್ಗೆ ಬರೀ ಚಹಾ ಕುಡಿದು ಸೈಕಲ್ ಹತ್ತಬಾರದು. ಹುಡುಗಿಯರ ಮಟ್ಟಿಗೆ ಇನ್ನೊಂದು ಮಾತು. ಕಾಲಿನ ಸ್ನಾಯುವಿಗೆ ಆಮ್ಲಜನಕ ಒಯ್ಯುವುದು ರಕ್ತದ ಹಿಮೋಗ್ಲೋಬಿನ್, ಅದಕ್ಕೆ ಬೇಕು ಕಬ್ಬಿಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇತ್ತು. ಅಂಥ ಹುಡುಗಿಗೆ ಎಷ್ಟು ಎಣ್ಣೆ ಹಾಕಿದ ಚೈನಿದ್ದರೂ ಏರಿನಲ್ಲಿ ಉಸಿರು ಸಾಲದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಗುಳಿಗೆಯನ್ನು ಮಕ್ಕಳು ಕಿಟಕಿಯಾಚೆ ಎಸೆಯುವುದು ಎಲ್ಲ ಮಾಸ್ತರರಿಗೂ ಗೊತ್ತು. "ಇದು ಸೈಕಲ್ ಗುಳಿಗಿ" ಎಂದು ಹೆಸರಿಟ್ಟ ಮೇಲೆ ಎಸೆಯುವುದು ಕಡಿಮೆಯಾಯಿತು. ಊಟವಾದ ಮೇಲೆ ನುಂಗಬೇಕು, ಊಟಕ್ಕೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಗುಳಿಗೆಯ ಜೊತೆ ಚಹಾ ಬೇಡ.

ಫಲ ಏನಾಯಿತು ಎಂದು ಕೇಳುತ್ತೀರಿ. ಆ ವರ್ಷದ ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಸಾಲಿನ ಸಮಯ 31 ನಿಮಿಷ. ಗಾಳಿ ಇಲ್ಲದ ದಿನ 29. ದಿನಕ್ಕೆ ಹೋಗಿ ಬರುವುದರಲ್ಲಿ 20 ನಿಮಿಷ ಉಳಿದರೆ, ವರ್ಷಕ್ಕೆ 220 ಶಾಲಾ ದಿನ ಎಂದು ಹಿಡಿದು, 73 ತಾಸು. ಒಂದು ಪಾಠಪುಸ್ತಕ ಎರಡು ಸಲ ಓದಿ ಮುಗಿಸುವಷ್ಟು ಹೊತ್ತು. ಡಿಸೆಂಬರಿನಲ್ಲಿ ದೀಪ ಹಚ್ಚುವ ಮೊದಲೇ ಸಾಲು ಅಗಸಿಯೊಳಗೆ ಬಂತು. ದೀಪದ ಮಾತಾಡಿದ್ದ ಅಪ್ಪ ಈಗ ತಾವೇ ಭಾನುವಾರ ಮಗಳ ಸೈಕಲ್ಲಿನ ಚೈನು ಒರಸುತ್ತಾರೆ.

ಎಲ್ಲವೂ ಸೈಕಲ್ಲಿನಿಂದ ಆಗುವುದಿಲ್ಲ. ನಾಲ್ವರು ಹುಡುಗಿಯರಲ್ಲಿ ಒಬ್ಬಳ ಮನೆಯವರು ಕಬ್ಬು ಕಡಿಯುವ ಸುಗ್ಗಿಗೆ ಹೋದರು, ಅವಳೂ ಜೊತೆಗೆ ಹೋದಳು. ಸುಗ್ಗಿ ಮುಗಿದ ಮೇಲೂ ಮತ್ತೆ ಶಾಲೆಗೆ ಬರಲಿಲ್ಲ. ಅವಳು ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದಳು. ಅವಳ ಸೈಕಲ್ಲನ್ನು ತಂಗಿಗೆ ಬಿಟ್ಟುಹೋಗಿದ್ದಾಳೆ, ತಂಗಿ ಈ ವರ್ಷ ಏಳನೆಯ ತರಗತಿಯಲ್ಲಿದ್ದಾಳೆ. ಉಳಿದ ಮೂವರು ಈಗ ಒಂಬತ್ತನೆಯ ತರಗತಿ ಮುಗಿಸಿ ಹತ್ತಕ್ಕೆ ಕಾಲಿಡುತ್ತಿದ್ದಾರೆ, ಕನ್ನಡದಲ್ಲೇ.

ಗಡಿಯ ಈಚೆ ಇರಲಿ ಆಚೆ ಇರಲಿ, ನಿಮ್ಮ ಶಾಲೆಯಿಂದಲೂ ಮಕ್ಕಳು ದೂರ ಹೋಗುತ್ತಿದ್ದರೆ ಮಾಡಿ ನೋಡಿ. ಬೇಕಾದದ್ದು ಒಂದು ಪಂಪು, ಒಂದು ಸ್ಪ್ಯಾನರ್, ಒಂದು ಎಣ್ಣೆಯ ಡಬ್ಬಿ, ಒಂದು ಗಡಿಯಾರ. ಜೂನ್ ತಿಂಗಳ ಮೊದಲ ಶನಿವಾರ ಶುರು ಮಾಡಿ, ಗಾಳಿ ಜೋರಾಗುವುದರೊಳಗೆ ಸೀಟು ಸರಿಯಾಗಿರಲಿ.